ಹನ್ನೊಂದನೇ ಕೊಠಡಿಯ ದನಿ

ಎಲ್ಲ ಅನಾಹುತಕ್ಕೂ ಮೂಲ ಚಿಕ್ಕನರಸಯ್ಯನ ಭಕ್ತಿ.

ಶಿರಾ ಊರಾಚೆ, ಮಧುಗಿರಿ ರಸ್ತೆಯ ಪಕ್ಕದಲ್ಲಿರುವ ಸ್ನಾತಕೋತ್ತರ ಕೇಂದ್ರಕ್ಕೆ ಹೊಸ ಧ್ವನಿ ವ್ಯವಸ್ಥೆ ಬಂದಿತ್ತು. ಪ್ರತಿ ಕೊಠಡಿಯ ಚಾವಣಿಗೂ ಒಂದು ಸ್ಪೀಕರ್, ಬಾಗಿಲ ಪಕ್ಕದ ಗೋಡೆಗೆ ಅಂಗೈಯಗಲದ ಒಂದು ಫಲಕ, ಅದರೊಳಗೆ ಮೈಕು. ಇಡೀ ಆವರಣವನ್ನು ಕಂಪ್ಯೂಟರ್ ನೆಟ್‌ವರ್ಕಿನ ತಂತಿಯಲ್ಲಿ ಹೂವಿನಂತೆ ಪೋಣಿಸಿದ್ದರು. ಯಾವ ಕೊಠಡಿಯ ಮಾತನ್ನು ಬೇಕಾದರೂ ಯಾವ ಕೊಠಡಿಗೆ ಬೇಕಾದರೂ ಕಳಿಸಬಹುದು. ಫಲಕದ ನೆತ್ತಿಯ ಮೇಲೆ ಹೆಸರುಕಾಳಿನಷ್ಟು ಒಂದು ದೀಪ. ಹಸಿರಿದ್ದರೆ ಮೈಕು ಕೇಳಿಸಿಕೊಳ್ಳುತ್ತಿದೆ ಎಂದರ್ಥ, ಕೆಂಪಿದ್ದರೆ ಇಲ್ಲ. ಇಷ್ಟು ನೆನಪಿಟ್ಟುಕೊಂಡರೆ ಸಾಕು ಎಂದು ತುಮಕೂರಿನಿಂದ ಬಂದಿದ್ದ ತಂತ್ರಜ್ಞ ಗೌರೀಶ್ ಎಲ್ಲರಿಗೂ ಹೇಳಿದ್ದ.

ಆ ದಿನ ಸಂಜೆ ಉದ್ಘಾಟನೆ. ಪೂಜೆಯಿಲ್ಲದೆ ಹೊಸ ಯಂತ್ರಕ್ಕೆ ಕರೆಂಟು ಕೊಡುವುದುಂಟೇ? ಜವಾನ ಚಿಕ್ಕನರಸಯ್ಯ ಬೆಳಗ್ಗೆಯೇ ಬಂದು, ಎಣ್ಣೆಯಲ್ಲಿ ಕಲಸಿದ ಕುಂಕುಮದ ಬಟ್ಟಲು ಹಿಡಿದು ಕೊಠಡಿ ಕೊಠಡಿ ತಿರುಗಿದ. ಪ್ರತಿ ಫಲಕದ ನೆತ್ತಿಯಲ್ಲೂ ದುಂಡನೆಯ ಪುಟ್ಟ ಜಾಗ ಕಂಡು ಅವನಿಗೆ ಸಂತೋಷವಾಯಿತು. "ಬೊಟ್ಟಿಡಾಕೆ ಅಂತ್ಲೇ ಜಾಗ ಮಾಡವ್ರೆ. ಕಂಪ್ನಿಯೋರು ಎಷ್ಟು ದೈವಭಕ್ತರು!" ಎಂದು ಮೆಚ್ಚಿಕೊಂಡು, ಒಂದೊಂದಕ್ಕೂ ದಪ್ಪನೆಯ ಬೊಟ್ಟಿಟ್ಟ. ಅಲ್ಲಿಂದಾಚೆಗೆ ಒಳಗೆ ಯಾವ ಬಣ್ಣದ ದೀಪ ಉರಿದರೂ ಹೊರಗೆ ಕಾಣುವುದು ಕೆಂಪೇ.

ಇದು ಸರ್ವಮಂಗಳಾಗೆ ಗೊತ್ತಿರಲಿಲ್ಲ.

ಸರ್ವಮಂಗಳಾ ಅಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಪ್ರತಿ ವರ್ಷವೂ ನಿರ್ದೇಶಕರು ಪಟ್ಟಿಗೆ ಸಹಿ ಮಾಡಿದರೆ ಉಂಟು, ಇಲ್ಲದಿದ್ದರೆ ಮನೆ. ಈ ವರ್ಷದ ಪಟ್ಟಿ ಅಂದೇ ಸಂಜೆ ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು, ಸಹಿ ಇನ್ನೂ ಆಗಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಮಾತು ಆರಿಸಿ ಆಡುವ ಹೆಂಗಸು ಅವಳು. ಯಾರ ಮೇಲೂ ದೂರಿಲ್ಲ, ಯಾರ ಚಾಡಿಯೂ ಇಲ್ಲ, ಬಸ್ಸಿನಲ್ಲಿ ಪಕ್ಕದವರು ಬಿಸಿಲು ಜಾಸ್ತಿ ಎಂದರೂ ಅತ್ತಿತ್ತ ನೋಡಿ "ಇರಬಹುದು" ಎನ್ನುವಷ್ಟು ಎಚ್ಚರ.

ಆದರೆ ಆ ಬೆಳಗ್ಗೆ ನಿರ್ದೇಶಕ ಡಾ. ಶಂಕರಲಿಂಗಪ್ಪನವರು ಸಂಜೆಯ ಉದ್ಘಾಟನಾ ಭಾಷಣವನ್ನು ಅಭ್ಯಾಸಕ್ಕೆಂದು ಸಿಬ್ಬಂದಿಯೆದುರು ಪೂರ್ತಿ ಓದಿದ್ದರು. ಓದಿ ಮುಗಿಸಿ, ಎರಡು ಕಡೆ ಭಾವ ಕಡಿಮೆಯಾಯಿತೆಂದು ಮತ್ತೊಮ್ಮೆ ಓದಿದ್ದರು. ಅಲ್ಲಿಂದ ಬಿಡಿಸಿಕೊಂಡು ಸರ್ವಮಂಗಳಾ ತನ್ನಂತೆಯೇ ಅತಿಥಿಯಾದ ಇತಿಹಾಸದ ನಾಗಭೂಷಣ್ ಜೊತೆ ಖಾಲಿಯಿದ್ದ ಹನ್ನೊಂದನೇ ಕೊಠಡಿಗೆ ಬಂದು ಕುಳಿತಳು. ಕೂರುವ ಮುಂಚೆ ಬಾಗಿಲಾಚೆ ಇಣುಕಿದಳು. ಫಲಕ ನೋಡಿದಳು. ಕೆಂಪು. ಆಗ ಮಾತ್ರ ಬಾಯಿ ಬಿಟ್ಟಳು.

"ನಮ್ಮ ಸಾಹೇಬ್ರ ಭಾಷಣ ಅಂದ್ರೆ ಕಡ್ಲೆಕಾಯಿ ಸಿಪ್ಪೆ ತುಂಬಿದ ಮೂಟೆ ಕಣ್ರೀ. ನೋಡೋಕೆ ಇಷ್ಟು ದಪ್ಪ. ಕೈ ಹಾಕಿ ತಳದವರೆಗೂ ಕೆದಕಿದ್ರೂ ಒಂದು ಬೀಜ ಸಿಗಲ್ಲ."

ನಾಗಭೂಷಣ್ ಗಹಗಹಿಸಿ ನಕ್ಕ. ಜೀವಮಾನದಲ್ಲಿ ತನ್ನ ಮಾತಿಗೆ ಒಬ್ಬರು ಇಷ್ಟು ನಕ್ಕಿದ್ದನ್ನು ಕಂಡಿರದ ಸರ್ವಮಂಗಳಾಗೆ ಹುರುಪು ಬಂತು.

"ಇಷ್ಟು ದಿನ ಹೆಂಗೋ ಸಭಾಂಗಣದಿಂದ ಎದ್ದು ಬಂದ್ರೆ ಪಾರಾಗ್ತಿದ್ವಿ. ಇನ್ಮೇಲೆ ಶೌಚಾಲಯದಲ್ಲಿ ಅವಿತ್ಕೊಂಡ್ರೂ ತಲೆ ಮೇಲೆ ಸಿಪ್ಪೆ ಸುರಿಯುತ್ತೆ!"

ನಕ್ಕೂ ನಕ್ಕೂ ನಾಗಭೂಷಣ್ ಗೋಡೆಗೆ ಕೈ ಊರಿದ. ಕೈ ತೆಗೆದು ನೋಡಿಕೊಂಡರೆ ಹೆಬ್ಬೆರಳೆಲ್ಲ ಕೆಂಪು. ರಕ್ತವೆಂದು ಬೆಚ್ಚಿ, ಕುಂಕುಮವೆಂದು ಸಮಾಧಾನಪಟ್ಟು, ಅದು ಎಲ್ಲಿಂದ ಬಂತೆಂದು ಗೋಡೆ ನೋಡಿದ. ನಗು ಅಲ್ಲೇ ನಿಂತಿತು.

"ಮೇಡಂ... ಹಸಿರು."

"ಏನು ಹಸಿರು?"

ಅವನು ಬೆರಳು ತೋರಿಸಿದ. ಕುಂಕುಮ ಒರೆಸಿಹೋದ ಜಾಗದಲ್ಲಿ ಪುಟ್ಟ ಹಸಿರು ದೀಪ, ಕತ್ತಲಲ್ಲಿ ಬೆಕ್ಕಿನ ಕಣ್ಣಿನ ಹಾಗೆ, ಇವರಿಬ್ಬರನ್ನೇ ನೋಡುತ್ತಿತ್ತು.

ಇಬ್ಬರೂ ತುದಿಗಾಲಲ್ಲಿ, ಫಲಕಕ್ಕೆ ಹೆಜ್ಜೆ ಸಪ್ಪಳ ಕೇಳಿಸಬಾರದೆಂಬಂತೆ, ಹೊರಗೆ ಬಂದರು.

"ನಾನು ಬರೀ ನಕ್ಕಿದ್ದು ಮೇಡಂ," ನಾಗಭೂಷಣ್ ಪಿಸುಗುಟ್ಟಿದ. "ನಗು ಯಾರ ಬಗ್ಗೆ ಅಂತ ಯಾರೂ ಹೇಳಕ್ಕಾಗಲ್ಲ. ಮಾತಿಗೆ ಆ ಅನುಕೂಲ ಇಲ್ಲ ನೋಡಿ."

"ಯಾರಿಗೂ ಕೇಳಿಸಿರಲ್ಲ ಅಲ್ವಾ?"

"ಕೇಳಿಸಿರಲ್ಲ ಬಿಡಿ. ಕೇಳಿಸಿದ್ರೂ ನಿಮ್ಮ ದನಿ ಅಂತ ಗೊತ್ತಾಗಿರಲ್ಲ. ಗೊತ್ತಾದ್ರೂ ಸಾಹೇಬ್ರಿಗೆ ಹೇಳಲ್ಲ. ಹೇಳಿದ್ರೂ..." ಅದರ ಮುಂದಕ್ಕೆ ಸಮಾಧಾನ ಅವನ ಬಳಿಯೂ ಇರಲಿಲ್ಲ.

ಓಣಿಯುದ್ದಕ್ಕೂ ಸರ್ವಮಂಗಳಾ ಮುಖಗಳನ್ನು ಓದುತ್ತ ನಡೆದಳು. ಗ್ರಂಥಪಾಲಕಿ ನಕ್ಕಳು, ಯಾಕೆ ನಕ್ಕಳು? ವಾಣಿಜ್ಯ ವಿಭಾಗದವರು ನಗಲಿಲ್ಲ; ಯಾಕೆ ನಗಲಿಲ್ಲ? ಮೆಟ್ಟಿಲ ಮೇಲೆ ಕುಳಿತ ಹುಡುಗಿಯರು ಹುರಿದ ಕಡಲೆಕಾಯಿ ಬಿಡಿಸುತ್ತಿದ್ದರು. ಅವರಲ್ಲೊಬ್ಬಳು ಇವಳನ್ನು ನೋಡಿ "ತಗೊಳ್ಳಿ ಮೇಡಂ" ಎಂದು ಕೈ ಚಾಚಿದಾಗ ಸರ್ವಮಂಗಳಾ ಹಾವು ಕಂಡವಳಂತೆ ಹಿಂದೆ ಹಾರಿದಳು.

ಎದುರಿಗೆ ಚಿಕ್ಕನರಸಯ್ಯ ಬಂದ. "ಯಾಕಮ್ಮಾರೆ, ಮೈಗೆ ಉಸಾರಿಲ್ವಾ? ಮಕ ಇಂಗಾಗೈತೆ?"

"ಚಿಕ್ಕನರಸಯ್ಯ, ಆ ದೀಪದ ಮೇಲೆ ಯಾಕಪ್ಪ ಕುಂಕುಮ ಬಳಿದೆ?"

"ಅದು ದೀಪಾನಾ? ನಂಗ್ಯಾರ್ ಯೋಳಿದ್ರು? ನಾ ಬೊಟ್ಟಿನ ಜಾಗ ಅಂದ್ಕಂಡೆ. ಬುಡಿ ಅಮ್ಮಾರೆ, ದ್ಯಾವರಿಗೆ ಅಂತ ಇಟ್ಟಿದ್ದು. ಯಾರಿಗೂ ಕೆಟ್ಟದ್ದಾಗಾಕಿಲ್ಲ."

ಆಗಬೇಕಾದದ್ದು ಆಗಿಹೋಗಿರಬಹುದೆಂದು ಅವನಿಗೆ ಹೇಳುವ ಹಾಗಿಲ್ಲ. ಸರ್ವಮಂಗಳಾ ಕ್ಯಾಂಟೀನಿಗೆ ಹೋದಳು. ಅಡುಗೆಯ ದಾಸಮ್ಮ ಪಾವಗಡದ ಕಡೆಯವಳು. ಒಂದು ಮಾತು ಕನ್ನಡದಲ್ಲಿ ಶುರುವಾದರೆ ಮುಗಿಯುವಷ್ಟರಲ್ಲಿ ತೆಲುಗು ಸೀಮೆ ದಾಟಿರುತ್ತಿತ್ತು. ಬೋಂಡದ ಬಾಣಲೆಯ ಮೇಲೆಯೇ ಹೊಸ ಸ್ಪೀಕರ್ ನೇತಾಡುತ್ತಿತ್ತು.

"ದಾಸಮ್ಮ, ಇದರಲ್ಲಿ ಬೆಳಗ್ಗೆ ಏನಾದ್ರೂ ಬಂತಾ?" ಎಂದು, ಹವಾಮಾನ ವಿಚಾರಿಸುವವಳಂತೆ ಕೇಳಿದಳು.

"ವಿನ್ನಾನಮ್ಮಾ, ಕೇಳ್ದೆ! ಎವರೋ ಒಬ್ಬಮ್ಮ ಮಾತಾಡ್ತಾ ಇದ್ಲು. ಅಮ್ಮಯ್ಯೋ, ಏನು ಗಂಟಲು, ಏನು ಧೈರ್ಯಂ! ಪಕ್ಕದಲ್ಲೇ ನಿಂತು ಮಾತಾಡ್ದಂಗೆ ಇತ್ತು."

"ಏನು... ಏನು ಹೇಳಿದ್ಲು?"

"ಎಣ್ಣೆ ಸದ್ದಲ್ಲಿ ಪೂರ್ತಿ ತೆಲೀಲಿಲ್ಲ. ಕಡ್ಲೆಕಾಯಿ, ಮೂಟೆ ಅಂತೇನೋ ಅಂದ್ಲು. ಮಂಡಿ ರೇಟು ಹೇಳ್ತಾವ್ರೆ ಅಂದ್ಕೊಂಡೆ." ದಾಸಮ್ಮ ಜಾಲರಿ ಎತ್ತಿ ಹಿಡಿದು ಇವಳ ಮುಖ ನೋಡಿದಳು. "ಅದೇಂದಮ್ಮಾ, ಇಷ್ಟು ಬೆವರು? ಬೆಂಕಿ ಹತ್ರ ಇರೋದು ನೇನು ಕದಾ, ನಾನಲ್ವಾ?"

ಹಾಗಾದರೆ ದನಿ ಹೊರಗೆ ಹೋಗಿದೆ. ಇನ್ನು ಎಲ್ಲೆಲ್ಲಿಗೆ ಹೋಗಿದೆ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಉತ್ತರ ಗೊತ್ತಿದ್ದವನು ಗೌರೀಶ್ ಒಬ್ಬನೇ.

ಕಚೇರಿಯ ಹಿಂಬದಿಯ ಕಿರಿದಾದ ಕೋಣೆಯಲ್ಲಿ ಗೌರೀಶ್ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದ. ಪಕ್ಕದಲ್ಲಿ ಆಳೆತ್ತರದ ಕಬ್ಬಿಣದ ಪೆಟ್ಟಿಗೆ, ಅದರ ತುಂಬ ಮಿಣುಕುವ ದೀಪಗಳು, ಶಾವಿಗೆಯಂತೆ ಇಳಿಬಿದ್ದ ತಂತಿಗಳು. ನಾಗಭೂಷಣ್ ಕಾವಲಿಗೆಂದು ಬಾಗಿಲಲ್ಲೇ ನಿಂತ.

"ಎಲ್ಲಾ ಸರಿಯಾಗಿ ಕೆಲಸ ಮಾಡ್ತಿದೆಯಾ?" ಎಂದು ಸರ್ವಮಂಗಳಾ ಕೇಳಿದಳು.

"ಸೂಪರ್ ಮೇಡಂ. ಬೆಳಗ್ಗೆ ಹನ್ನೊಂದನೇ ಕೊಠಡಿ ಮೈಕ್ ಆನ್ ಮಾಡಿ ಟೆಸ್ಟ್ ಮಾಡ್ದೆ. ಖಾಲಿ ರೂಮು, ಏನೂ ಬರಲ್ಲ ಅಂದ್ಕೊಂಡಿದ್ದೆ. ನೋಡಿದ್ರೆ ಯಾರೋ ಒಬ್ರು ಮೇಡಂ ಚೆನ್ನಾಗಿ ಮಾತಾಡಿದ್ರು."

"ಏನು ಮಾತಾಡಿದ್ರು?"

"ನಾನು ಮಾತು ಕೇಳಲ್ಲ ಮೇಡಂ, ದನಿ ಮಟ್ಟ ನೋಡ್ತೀನಿ. ಪರದೆ ಮೇಲೆ ಗೆರೆ ಕುಣಿದ್ರೆ ನನ್ನ ಕೆಲಸ ಮುಗೀತು."

"ಎಲ್ಲಾ ಕಡೆಗೂ ಹೋಯ್ತಾ ಅದು?"

"ಛೇ, ಇಲ್ಲ. ಟೆಸ್ಟಿಗೆ ಅಂತ ಎರಡೇ ಕಡೆ ಬಿಟ್ಟಿದ್ದೆ. ಒಂದು ಕ್ಯಾಂಟೀನು..." ಅವನು ಕೀಲಿಮಣೆ ಒತ್ತುತ್ತ ಹೇಳಿದ, "ಇನ್ನೊಂದು ಸಾಹೇಬ್ರ ಚೇಂಬರು."

ಇಡೀ ಆವರಣದಲ್ಲಿ ಇಷ್ಟೊಂದು ಕೊಠಡಿಗಳಿದ್ದಾಗ, ಆ ಮಾತು ಹೋಗಿ ಸೇರಬೇಕಾದದ್ದು ಅಲ್ಲಿಗೇ.

"ರೆಕಾರ್ಡ್ ಕೂಡ ಆಗಿದೆ ಮೇಡಂ, ಈ ಪೆಟ್ಟಿಗೆಯಲ್ಲೇ..." ಎನ್ನುವಷ್ಟರಲ್ಲಿ ಚಿಕ್ಕನರಸಯ್ಯ ಕಿಟಕಿಯಲ್ಲಿ ತಲೆ ತೂರಿಸಿದ. "ಸಾ, ಬಾಗಿಲಿಗೆ ಕಾಯಿ ಒಡೀಬೇಕು. ಮಿಷನ್ ತಂದೋರು ನೀವೇ ಒಡೀಬೇಕಂತೆ, ಬನ್ನಿ." ಗೌರೀಶ್ ಎದ್ದು ಹೋದ.

ಪೆಟ್ಟಿಗೆ ಮತ್ತು ಸರ್ವಮಂಗಳಾ ಎದುರುಬದುರಾಗಿ ಉಳಿದರು.

"ಕಿತ್ತುಬಿಡಿ ಮೇಡಂ," ಬಾಗಿಲಿನಿಂದ ನಾಗಭೂಷಣ್ ಹುರಿದುಂಬಿಸಿದ. "ಕರೆಂಟು ಹೋದ್ರೆ ರೆಕಾರ್ಡೂ ಹೋಗುತ್ತೆ. ನಮ್ಮ ಮನೆ ಟಿವೀಲಿ ಹಂಗೇ ಆಗೋದು."

"ಯಾವುದು ಕೀಳಲಿ?"

"ಹಳದಿ! ಬೇರೆ ಎಲ್ಲಾ ನೀಲಿ, ಅದೊಂದೇ ಹಳದಿ. ಅದೇ ಮುಖ್ಯವಾದ್ದು ಇರಬೇಕು."

ಮುಖ್ಯವಾದದ್ದೇ ಆಗಿತ್ತು. ಅವಳು ಹಳದಿ ತಂತಿ ಎಳೆದದ್ದೇ ತಡ, ಎಲ್ಲೋ ಬೆಂಕಿ ಬಿದ್ದಿದೆ ಎಂದು ಯಂತ್ರ ತನ್ನಷ್ಟಕ್ಕೆ ತೀರ್ಮಾನಿಸಿತು. ಆವರಣದ ಎಲ್ಲ ಸ್ಪೀಕರುಗಳೂ ಒಟ್ಟಿಗೆ ಊಳಿಟ್ಟವು. ಅನಂತರ ಮೊದಲೇ ತುಂಬಿಸಿಟ್ಟಿದ್ದ ಮೆಲುದನಿಯೊಂದು, ಮದುವೆಗೆ ಕರೆಯುವ ನಯದಲ್ಲಿ ಉಲಿಯಿತು: "ದಯವಿಟ್ಟು ಯಾರೂ ಗಾಬರಿಯಾಗಬೇಡಿ. ಕೂಡಲೇ ಕಟ್ಟಡದಿಂದ ಹೊರಗೆ ಬನ್ನಿ."

ಗಾಬರಿಯಾಗಬೇಡಿ ಎನ್ನುವವರೆಗೆ ಯಾರಿಗೂ ಗಾಬರಿಯಿರಲಿಲ್ಲ. ಆಮೇಲೆ ಬಾಗಿಲುಗಳು ಸಾಲಲಿಲ್ಲ. ವಾಣಿಜ್ಯದವರು ಕಿಟಕಿಯಿಂದ ಇಳಿದರು. ದಾಸಮ್ಮ ಬೋಂಡದ ತಟ್ಟೆ ತಲೆಯ ಮೇಲಿಟ್ಟುಕೊಂಡು "ದೇವುಡಾ!" ಎನ್ನುತ್ತ ಓಡಿದಳು. ಚಿಕ್ಕನರಸಯ್ಯ ಒಡೆಯದ ತೆಂಗಿನಕಾಯಿಯನ್ನು ಎದೆಗವಚಿಕೊಂಡು ಹೊಂಗೆ ಮರದ ಕೆಳಗೆ ನಿಂತು, "ಕಾಯಿ ಒಡಿಯಾ ಮುಂಚೆ ಕರೆಂಟು ಕೊಡಬ್ಯಾಡಿ ಅಂದೆ, ಕೇಳ್ದ್ರಾ?" ಎಂದು ಸಿಕ್ಕವರನ್ನೆಲ್ಲ ಬೈಯತೊಡಗಿದ. ಎಲ್ಲರಿಗಿಂತ ಕೊನೆಯಲ್ಲಿ ನಿರ್ದೇಶಕರು ಭಾಷಣದ ಹಾಳೆಗಳ ಕಟ್ಟನ್ನು ಹಸುಗೂಸಿನಂತೆ ಕಾಪಾಡಿಕೊಂಡು ಈಚೆ ಬಂದರು.

ಗೌರೀಶ್ ಓಡಿಹೋಗಿ ತಂತಿ ಸಿಕ್ಕಿಸಿ ಊಳು ನಿಲ್ಲಿಸಿದ. "ಹೆಗ್ಗಣ ಎಳೆದಿರಬೇಕು ಸರ್," ಎಂದ. ನಿರ್ದೇಶಕರು ಸುತ್ತ ನೆರೆದವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ಎರಡು ಕಾಲಿನ ಹೆಗ್ಗಣ," ಎಂದು ಹೇಳಿ ಒಳಗೆ ಹೋದರು. ಹೋಗುತ್ತ ನಾಗಭೂಷಣನಿಗೆ ಬೆರಳು ಮಾಡಿ ಕರೆದರು.

ನಾಗಭೂಷಣ್ ಕುರಿಯಂತೆ ಹಿಂಬಾಲಿಸಿದ. ಸರ್ವಮಂಗಳಾ ಮರದ ಬುಡದಲ್ಲೇ ಉಳಿದಳು. ಅವನು ಬಾಯಿಬಿಡದೆ ಇರುತ್ತಾನೆಯೇ? ಕೇಳದಿದ್ದರೂ ಹೇಳುವ ಬಾಯಿ ಅದು, ಕೇಳಿದರೆ ಬಿಟ್ಟೀತೆ? ಮನೆಯಲ್ಲಿ ಗಂಡನಿಗೆ ಏನು ಹೇಳುವುದು? "ಕೆಲಸ ಹೋಯಿತು" ಎಂದರೆ "ಯಾಕೆ" ಎನ್ನುತ್ತಾರೆ. "ಮಾತಾಡಿದ್ದಕ್ಕೆ" ಎಂದರೆ, "ನೀನಾ?" ಎಂದು ನಗುತ್ತಾರೆ. ನಂಬುವವರೂ ಇಲ್ಲ.

ಆಗ ಹೊಂಗೆ ಮರಕ್ಕೂ ಒಂದು ಕಟ್ಟಿದ್ದ ಸ್ಪೀಕರು ಗಂಟಲು ಸರಿಮಾಡಿಕೊಂಡಿತು. ನಿರ್ದೇಶಕರ ದನಿ ಆಕಾಶದಿಂದ ಇಳಿದ ಹಾಗೆ ಇಡೀ ಆವರಣಕ್ಕೆ ಕೇಳಿಸಿತು. "ಅರ್ಥಶಾಸ್ತ್ರದ ಸರ್ವಮಂಗಳಾ ಅವರು ಕೂಡಲೇ ನನ್ನ ಕೊಠಡಿಗೆ ಬರತಕ್ಕದ್ದು."

ನೂರು ತಲೆಗಳು ಇವಳತ್ತ ತಿರುಗಿದವು. ದಾಸಮ್ಮ ಮಾತ್ರ ಕೈಗೊಂದು ಬೋಂಡ ಇಟ್ಟು, "ತಿನ್ನಮ್ಮಾ, ಕಾಲಿ ಹೊಟ್ಟೇಲಿ ಹೋಗ್ಬೇಡ," ಎಂದಳು, ಗಲ್ಲಿಗೆ ಹೋಗುವವರಿಗೆ ಹೇಳುವ ಹಾಗೆ.

ಬಾಗಿಲಲ್ಲಿ ನಾಗಭೂಷಣ್ ಎದುರಾದ. ಕಣ್ಣು ಮಿಟುಕಿಸಿ, ಹೆಬ್ಬೆರಳೆತ್ತಿ, ಏನನ್ನೂ ಹೇಳದೆ ಜಾರಿಕೊಂಡ. ಕುಂಕುಮ ಇನ್ನೂ ಆ ಬೆರಳಲ್ಲಿತ್ತು.

"ಕೂತ್ಕೊಳ್ಳಿ," ಎಂದರು ಶಂಕರಲಿಂಗಪ್ಪನವರು. ಮೇಜಿನ ಮೇಲೆ ಸಹಿಯಿಲ್ಲದ ಪಟ್ಟಿ, ಅದರ ಮೇಲೆ ಪೆನ್ನು. "ಬೆಳಗ್ಗೆ ಇಲ್ಲಿ ಭಾಷಣ ತಿದ್ದುತ್ತಾ ಕೂತಿದ್ದೆ. ತಲೆ ಮೇಲಿಂದ ಒಬ್ಬ ಹೆಂಗಸು ಮಾತಾಡಿದ್ಲು. ಕೇಳಿ."

ಪೆಟ್ಟಿಗೆಯ ರೆಕಾರ್ಡನ್ನು ಗೌರೀಶನಿಂದ ಮೊಬೈಲಿಗೆ ತರಿಸಿಕೊಂಡಿದ್ದ ಅವರು ಅದನ್ನು ಒತ್ತಿದರು. ಕಡಲೆಕಾಯಿ, ಸಿಪ್ಪೆ, ಮೂಟೆ, ಬೀಜ, ಎಲ್ಲವೂ ಸ್ಫಟಿಕದಷ್ಟು ಸ್ಪಷ್ಟವಾಗಿ ಹೊರಬಂದವು. ತನ್ನ ದನಿ ಇಷ್ಟು ನಿರ್ಭಯವಾದದ್ದೆಂದು ಸರ್ವಮಂಗಳಾಗೆ ಇವತ್ತಿನವರೆಗೂ ತಿಳಿದಿರಲಿಲ್ಲ.

"ನಾಗಭೂಷಣ್ ಅವರನ್ನ ಕರೆಸಿ ಕೇಳಿದೆ. ಅವರು ಒಂದೇ ಮಾತಿಗೆ ನಿಮ್ಮ ಹೆಸರು ಹೇಳಿಬಿಟ್ರು."

ಕಾಲಿಗೆ ಬಿದ್ದುಬಿಡುವುದೇ ಸರಿಯೆಂದು ಅವಳು ಬಾಯಿ ತೆರೆದಳು. ನಿರ್ದೇಶಕರು ಕೈ ಅಡ್ಡ ಹಿಡಿದರು.

"ಆಗಲ್ಲ ಅನ್ನಬೇಡಿ. ಒಪ್ಪಿಕೊಳ್ಳಲೇಬೇಕು. ಈ ದನಿ ಯಾರದು ಅಂತ ಪತ್ತೆ ಮಾಡೋ ಕೆಲಸಕ್ಕೆ ನಿಮಗಿಂತ ಯೋಗ್ಯರು ಇಲ್ಲಿ ಯಾರಿದ್ದಾರೆ? ನಾಗಭೂಷಣ್ ಸರಿಯಾಗೇ ಹೇಳಿದ್ರು. ಒಬ್ಬರ ಬಗ್ಗೆ ಒಂದು ಮಾತು ಆಡಿದವರಲ್ಲ ನೀವು. ನಿಜ ಹೇಳಬೇಕು ಅಂದ್ರೆ, ನಿಮ್ಮ ದನಿ ಹೆಂಗಿದೆ ಅಂತಲೇ ನನಗೆ ನೆನಪಿಲ್ಲ."

ತೆರೆದ ಬಾಯಿಯನ್ನು ಸರ್ವಮಂಗಳಾ ಗಬಕ್ಕನೆ ಮುಚ್ಚಿದಳು. ತಲೆಯಾಡಿಸಿದಳು. ಮತ್ತೂ ಒಮ್ಮೆ, ಜೋರಾಗಿ, ಬುಗುರಿಯಂತೆ ಆಡಿಸಿದಳು. ತಾನು ಉಳಿದುಕೊಂಡೆ ಎಂಬ ಸತ್ಯ ಮೆಲ್ಲಗೆ ತಲೆಗಿಳಿದು, ಕಣ್ಣಲ್ಲಿ ನೀರು ತುಂಬಿತು.

"ನೋಡಿ, ನನಗಾದ ಅವಮಾನಕ್ಕೆ ನೀವು ಅಳ್ತಿದ್ದೀರಿ," ಎಂದು ನಿರ್ದೇಶಕರೂ ಕರವಸ್ತ್ರ ತೆಗೆದರು. "ಪಟ್ಟಿಯಲ್ಲಿ ನಿಮ್ಮ ಹೆಸರೇ ಮೊದಲು. ದನಿ ಯಾರದು ಅಂತ ಗೊತ್ತಾದ ಗಳಿಗೆಯಲ್ಲೇ ಸಹಿ. ಆ ಹೆಂಗಸು ಅತಿಥಿಯಾಗಿದ್ರೆ ಇವತ್ತೇ ಗೇಟಿನಾಚೆ. ಬನ್ನಿ, ಸಭಾಂಗಣಕ್ಕೆ ಹೋಗೋಣ."

ಸಭಾಂಗಣ ತುಂಬಿತ್ತು. ಎಲ್ಲೂ ಬೆಂಕಿಯಿಲ್ಲವೆಂದು ಖಚಿತವಾದ ಮೇಲೆ ಜನಕ್ಕೆ ಹಸಿವಾಗಿ, ದಾಸಮ್ಮನ ಬೋಂಡ ಕೈಯಿಂದ ಕೈಗೆ ಸಾಗುತ್ತಿತ್ತು. ನಾಗಭೂಷಣ್ ಅವಳ ಕಿವಿಯ ಬಳಿ ಬಗ್ಗಿದ.

"ಹೆಂಗೆ ಮೇಡಂ ನನ್ನ ಐಡಿಯಾ? ಬೀಗದ ಕೈ ನಿಮ್ಮ ಸೆರಗಿಗೇ ಕಟ್ಟಿಬಿಟ್ಟೆ. ವಾರಗಟ್ಟಲೆ ಹುಡುಕಿ, ಸಿಗಲಿಲ್ಲ ಅಂತ ಹೇಳಿದ್ರಾಯ್ತು. ಪಟ್ಟಿ ಇವತ್ತೇ ಹೋಗ್ಬೇಕು, ಅಲ್ಲಿವರೆಗೆ ಸಹಿ ಹಾಕದೆ ಇರ್ತಾರಾ?"

ಬೆಳಗ್ಗೆಯಿಂದ ಮೊದಲ ಸಲ ಸರ್ವಮಂಗಳಾಗೆ ಉಸಿರು ಪೂರ್ತಿ ಒಳಗೆ ಹೋಯಿತು. ಅದು ಹೊರಗೆ ಬರುವಷ್ಟರಲ್ಲಿ ನಿರ್ದೇಶಕರು ವೇದಿಕೆ ಹತ್ತಿದ್ದರು.

"ಭಾಷಣಕ್ಕೆ ಮುಂಚೆ ಒಂದು ಸಣ್ಣ ಪ್ರಯೋಗ," ಎಂದರು. "ನಮ್ಮ ಗೌರೀಶ್ ಎರಡು ದನಿಗಳನ್ನ ಪಕ್ಕಪಕ್ಕ ಇಟ್ಟು, ಒಬ್ಬರದೇ ಹೌದೋ ಅಲ್ಲವೋ ಪರದೆ ಮೇಲೆ ತೋರಿಸಬಲ್ಲರಂತೆ. ಮೇಲಿನ ಗೆರೆ ಬೆಳಗ್ಗೆ ಸಿಕ್ಕ ದನಿ. ಈಗ ಇಲ್ಲಿರೋ ಹೆಣ್ಣುಮಕ್ಕಳೆಲ್ಲ ಒಬ್ಬೊಬ್ಬರಾಗಿ ಬಂದು ಮೈಕಿನಲ್ಲಿ ಮಾತಾಡಬೇಕು."

ವೇದಿಕೆಯ ಹಿಂದಿನ ಬಿಳಿ ಪರದೆಯ ಮೇಲೆ, ಬೆಟ್ಟದ ಸಾಲಿನಂತೆ, ಅವಳದೇ ದನಿ ಚಿತ್ರವಾಗಿ ನಿಂತಿತ್ತು. ಕೆಳಗೆ ಎರಡನೆಯ ಗೆರೆ ಸಪಾಟಾಗಿ ಮಲಗಿ ಕಾಯುತ್ತಿತ್ತು.

"ಹೆಣ್ಣುಮಕ್ಕಳು ಅಂಜಿಕೊಂಡಾರು. ತನಿಖೆಯ ಜವಾಬ್ದಾರಿ ಹೊತ್ತಿರೋ ಸರ್ವಮಂಗಳಾ ಅವರೇ ಮೊದಲು ಮಾತಾಡಿ ಧೈರ್ಯ ತುಂಬುತ್ತಾರೆ."

ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಮೊದಲು ತಟ್ಟಿದವನು ನಾಗಭೂಷಣ್. ತಟ್ಟುತ್ತಿರುವಾಗಲೇ ಅವನಿಗೆ ವಿಷಯ ಹೊಳೆದು, ಕೈಗಳು ಗಾಳಿಯಲ್ಲೇ ನಿಂತವು. ಮರುಗಳಿಗೆ ನೋಡಿದರೆ ಅವನ ಕುರ್ಚಿ ಖಾಲಿ.

ಸರ್ವಮಂಗಳಾ ವೇದಿಕೆಯ ಮೇಲೆ ನಿಂತು ಗಂಟಲಿಗೆ ಕೈ ಹಿಡಿದಳು. ಕೆಮ್ಮಿದಳು. ದನಿ ಹೋಗಿದೆ, ಪೂರ್ತಿ ಹೋಗಿದೆ, ಇನ್ನು ಬರುವುದಿಲ್ಲ ಎಂದು ಕೈಸನ್ನೆ ಮಾಡಿದಳು.

"ಅಯ್ಯೋ ತಲ್ಲೀ!" ಹಿಂದಿನ ಸಾಲಿನಿಂದ ದಾಸಮ್ಮ ಎದ್ದಳು. ಉದ್ಘಾಟನೆಗೆ ಬಂದವರಿಗೆಂದು ಕಾಸಿಟ್ಟಿದ್ದ ಮೆಣಸು-ಶುಂಠಿ ಕಷಾಯದ ಲೋಟ ಹಿಡಿದು ವೇದಿಕೆಗೇ ಬಂದಳು. "ತಾಗಮ್ಮಾ, ಕುಡಿ. ಮಧ್ಯಾಹ್ನದಿಂದ ನೋಡ್ತಾ ಇದೀನಿ, ಈ ಬಿಡ್ಡಗೆ ಹುಷಾರಿಲ್ಲ. ಎಂಥ ಗಂಟಲು ಕಟ್ಟಿದ್ರೂ ಒಂದೇ ಗುಟುಕಿಗೆ ಬಿಟ್ಕೊಳ್ತದೆ." ಸಭೆ ನೋಡುತ್ತಿತ್ತು. ನಿರ್ದೇಶಕರು ನೋಡುತ್ತಿದ್ದರು. ಸರ್ವಮಂಗಳಾ ಕುಡಿದಳು. ಕಷಾಯ ಗಂಟಲನ್ನು ತೊಳೆದ ಹಿತ್ತಾಳೆ ಚೊಂಬಿನಂತೆ ಸ್ವಚ್ಛ ಮಾಡಿ ಒಳಗಿಳಿಯಿತು.

"ಈಗ ಸರಿಹೋಯ್ತಾ? ಏನು ಮಾತಾಡಲಿ ಅಂತ ಯೋಚನೆನಾ?" ನಿರ್ದೇಶಕರು ಮೈಕನ್ನು ಅವಳ ಎತ್ತರಕ್ಕೆ ತಾವೇ ಬಗ್ಗಿಸಿ, ಮೊದಲ ಸಾಲಿನಲ್ಲಿ ಕುಳಿತು, ಚೆನ್ನಾಗಿ ಕೇಳಿಸಲೆಂದು ಕಣ್ಣು ಮುಚ್ಚಿಕೊಂಡರು. "ನನ್ನ ಬಗ್ಗೆಯೇ ನಾಲ್ಕು ಮಾತು ಹೇಳಿ. ಸಂಕೋಚ ಬೇಡ ಮೇಡಂ. ಮನಸ್ಸಿನಲ್ಲಿ ಇರೋದನ್ನ ಇದ್ದ ಹಾಗೇ ಹೇಳಿಬಿಡಿ."